ಅಡಕತ್ತರಿ ಅಜ್ಜಿಯ ವಿಡಿಯೊ ನೋಡಿ ನಕ್ಕವರಿಗೆ

ಮೈಸೂರು, ಮಂಡ್ಯದ ಗೆಳೆಯರೇ, ಅದರಲ್ಲೂ ರೀಲ್ಸ್ ಮಾಡುವ, ಟ್ರೋಲ್ ಪೇಜ್ ನಡೆಸುವ ತಮ್ಮ ತಂಗಿಯರೇ,

ಆ ವಿಡಿಯೊ ನಿಮ್ಮಲ್ಲಿ ತುಂಬಾ ಜನ ನೋಡಿರುತ್ತೀರಿ. ಸುತ್ತ ಜನ. ನಡುವೆ ನೆಲದ ಮೇಲೆ ಒಬ್ಬ ಹುಡುಗ ಫಿಟ್ಸ್ (ಮೂರ್ಛೆ) ಬಂದು ಒದ್ದಾಡುತ್ತಿದ್ದಾನೆ. ಒಬ್ಬಳು ಅಜ್ಜಿ ಎಲೆ ಅಡಿಕೆ ಚೀಲದಿಂದ ಅಡಕತ್ತರಿ ತೆಗೆದು ಅವನ ಕೈಗೆ ತುರುಕುತ್ತಾಳೆ. ಬೀಗದ ಕೈಯೋ ಇನ್ನೇನೋ, ಕೈಗೆ ಕಬ್ಬಿಣ ಕೊಟ್ಟರೆ ಫಿಟ್ಸ್ ನಿಲ್ಲುತ್ತದೆ ಅನ್ನುವುದು ಹಳೇ ನಂಬಿಕೆ. ಅಲ್ಲಿಗೆ ಚಿತ್ರ ನಿಲ್ಲುತ್ತದೆ. ಅಜ್ಜಿಯ ಮುಖ ದೊಡ್ಡದಾಗುತ್ತದೆ. ಹಿಂದೆ ಹೀರೊ ಎಂಟ್ರಿ ಮ್ಯೂಸಿಕ್ಕು. ಮೇಲೆ 'ನ್ಯೂರೋ ಸರ್ಜನ್ ಅಜ್ಜಿ' ಅಂತ ಬರಹ.

ನೆಲದ ಮೇಲಿರುವವನು ನನ್ನ ತಮ್ಮ. ಕೊನೆಯಲ್ಲಿ ಹಸಿರು ಚೂಡಿದಾರ ಹಾಕಿಕೊಂಡು ಓಡಿ ಬರುವವಳು ನಾನು.

ಕಳೆದ ದಸರಾದ ಆಯುಧಪೂಜೆ ಹಿಂದಿನ ದಿನ ಅದು. ಮಂಡ್ಯದಿಂದ ಬೆಳಿಗ್ಗೆ ರೈಲು ಹತ್ತಿ ಮೈಸೂರಿಗೆ ಹೋಗಿದ್ದೆವು. ದೇವರಾಜ ಮಾರುಕಟ್ಟೆಯಲ್ಲಿ ಕಾಲಿಡಲು ಜಾಗ ಇರಲಿಲ್ಲ. ನಾನು ಸೇವಂತಿಗೆ ಎಷ್ಟು ಮಾರು ಬೇಕು ಅಂತ ಚೌಕಾಸಿ ಮಾಡುತ್ತಿದ್ದೆ. ತಮ್ಮ ಹತ್ತು ಹೆಜ್ಜೆ ಆಚೆ, ವೀಳ್ಯದೆಲೆ ಸಾಲಿನ ಮುಂದೆ ಬೂದುಗುಂಬಳಕಾಯಿ ಹಿಡಿದುಕೊಂಡು ನಿಂತಿದ್ದ. ಕಾಯಿ ಬಿದ್ದು ಒಡೆದ ಸದ್ದು ಮೊದಲು ಕೇಳಿಸಿತು. ಆಮೇಲೆ ಜನರ ಕೂಗು. ಹಬ್ಬದ ಗಡಿಬಿಡಿಯಲ್ಲಿ ಎರಡು ದಿನ ಅವನು ಮಾತ್ರೆ ತಗೊಂಡಿರಲಿಲ್ಲ. ಅದು ನನಗೆ ಗೊತ್ತಾಗಿದ್ದು ರಾತ್ರಿ.

ಈ ಪತ್ರ ಜಗಳಕ್ಕೆ ಬರೆಯುತ್ತಿರುವುದಲ್ಲ. ನಾಲ್ಕೈದು ತಿಂಗಳು ಯೋಚನೆ ಮಾಡಿ ಬರೆಯುತ್ತಿದ್ದೇನೆ. ನಾನೂ ಇಂಥ ವಿಡಿಯೊ ನೋಡಿ ನಕ್ಕವಳೇ. 2021ರಲ್ಲಿ ಕೊರೊನಾ ಎರಡನೇ ಅಲೆ ಬಂದಾಗ ಮೂಗಿಗೆ ನಿಂಬೆರಸ ಬಿಟ್ಟುಕೊಳ್ಳಿ ಅನ್ನುವ ಮಾತು ಮನೆ ಮನೆಗೂ ಬಂತಲ್ಲ, ಆಗ ಅದರ ಮೇಲೆ ಬಂದ ತಮಾಷೆಗಳನ್ನು ನಾನೇ ಹತ್ತು ಗ್ರೂಪಿಗೆ ಕಳಿಸಿದ್ದೆ. ಹೊಟ್ಟೆನೋವಿಗೂ ಬಿಸಿನೀರು, ಬೇಜಾರಿಗೂ ಬಿಸಿನೀರು ಅನ್ನುವ ಅಮ್ಮಂದಿರ ಬಗ್ಗೆ ಬರುವ ರೀಲ್ಸ್ ನೋಡಿ ಈಗಲೂ ನಗು ಬರುತ್ತದೆ. ಅದರಲ್ಲಿ ತಪ್ಪೇನೂ ಇಲ್ಲ. ಅಮ್ಮನೂ ನಮ್ಮ ಜೊತೆ ಕೂತು ನಗುತ್ತಾಳೆ.

ಆದರೆ ಅಜ್ಜಿಯ ವಿಡಿಯೊ ಆದಮೇಲೆ ಒಂದು ಗಮನಿಸಿದೆ. ಅದೇ ಒಂದು ಮಾದರಿ ಆಗಿಹೋಯಿತು. ಪರೀಕ್ಷೆಯಲ್ಲಿ ಫೇಲಾದವನ ಕೈಗೆ ಬೀಗದ ಕೈ. ಹುಡುಗಿ ಬಿಟ್ಟುಹೋದವನ ಕೈಗೆ ಬೀಗದ ಕೈ. ಮ್ಯಾಚ್ ಸೋತ ಟೀಮಿನ ಕೈಗೆ ಬೀಗದ ಕೈ. ಒಟ್ಟು ಎಷ್ಟು ಬಂದವೋ ನನಗೆ ಲೆಕ್ಕ ಇಲ್ಲ. ನಾನು ನೋಡಿದ ಒಂದರಲ್ಲೂ, ಒಂದೇ ಒಂದರಲ್ಲೂ, ಹಾಗಾದರೆ ಫಿಟ್ಸ್ ಬಂದಾಗ ಏನು ಮಾಡಬೇಕು ಅನ್ನುವುದು ಇರಲಿಲ್ಲ. ಕಬ್ಬಿಣ ಕೊಡುವುದು ದಡ್ಡತನ ಅಂತ ಎಲ್ಲರಿಗೂ ಗೊತ್ತಾಯಿತು. ಅದರ ಬದಲು ಏನು ಅಂತ ಯಾರಿಗೂ ಗೊತ್ತಾಗಲಿಲ್ಲ.

ನನಗೆ ಹೇಳಬೇಕಾಗಿರುವುದು ಇಷ್ಟೇ. ಆದರೆ ಇದನ್ನು ಸ್ವಲ್ಪ ಬಿಡಿಸಿ ಹೇಳದಿದ್ದರೆ ಅರ್ಥವಾಗುವುದಿಲ್ಲ.

ಆ ದಿನದ ವಿಡಿಯೊ ಕತ್ತರಿಸದೆ ಪೂರ್ತಿ ಇರುವುದು ಆಮೇಲೆ ನಮ್ಮ ಊರಿನ ಒಬ್ಬರ ಫೋನಿಗೆ ಬಂತು. ಎದೆ ಗಟ್ಟಿ ಮಾಡಿಕೊಂಡು ಕೂತು ನೋಡಿದೆ. ಒಂದು ಸಲ ಅಲ್ಲ, ಬಹಳ ಸಲ. ಕೆಳಗೆ ಓಡುವ ಸೆಕೆಂಡುಗಳನ್ನು ಚೀಟಿಯಲ್ಲಿ ಬರೆದುಕೊಂಡೆ. ಶುರುವಿನಲ್ಲಿ ತಮ್ಮನ ಮೈ ಸೆಟೆದುಕೊಂಡಿದೆ. ಹತ್ತನೇ ಸೆಕೆಂಡಿಗೆ ಕೈಕಾಲು ಜರ್ಕ್ ಹೊಡೆಯಲು ಶುರು. ಒಬ್ಬರು 'ಶೂ ಮೂಸ್ಸಿ' ಅನ್ನುತ್ತಾರೆ. ಇನ್ನೊಬ್ಬರು 'ಈರುಳ್ಳಿ ತನ್ನಿ' ಅನ್ನುತ್ತಾರೆ. ಯಾರೋ ಅವನ ಭುಜ ಒತ್ತಿ ಹಿಡಿಯುತ್ತಾರೆ. 'ಕಬ್ಣ ಕೊಡ್ರಪ್ಪಾ ಕೈಗೆ, ಕಬ್ಣ!' ಅನ್ನುವ ಅಜ್ಜಿಯ ಕೂಗು ಐವತ್ತನೇ ಸೆಕೆಂಡಿಗೆ ಬರುತ್ತದೆ. ಯಾರೂ ಕೊಡುವುದಿಲ್ಲ. ಒಂದು ನಿಮಿಷ ಹದಿನೈದು ಸೆಕೆಂಡಿಗೆ ಅಜ್ಜಿಯೇ ಜನರ ಕಾಲುಗಳ ನಡುವೆ ನುಗ್ಗಿ ಬಂದು ಅಡಕತ್ತರಿ ಹಿಡಿಸುತ್ತಾಳೆ. ಒಂದು ನಿಮಿಷ ಐವತ್ತಕ್ಕೆ ಜರ್ಕ್ ನಿಲ್ಲುತ್ತದೆ. ಸುತ್ತಲಿದ್ದವರು 'ನೋಡಿ, ನಿಂತುಹೋಯ್ತು' ಅನ್ನುತ್ತಾರೆ.

ಅಲ್ಲೇ ಇರುವುದು ವಿಷಯ. ಫಿಟ್ಸ್ ಅಂದರೆ ಮೆದುಳಿನ ನರಕೋಶಗಳಲ್ಲಿ ಒಮ್ಮೆಗೇ ಅಡ್ಡಾದಿಡ್ಡಿ ವಿದ್ಯುತ್ ಹರಿಯುವುದು. ಸಾಮಾನ್ಯವಾಗಿ ಒಂದರಿಂದ ಮೂರು ನಿಮಿಷದ ಒಳಗೆ ಅದು ತಾನಾಗಿಯೇ ನಿಲ್ಲುತ್ತದೆ. ಕಬ್ಬಿಣ ಹುಡುಕಿ, ತಂದು, ಕೈಗೆ ಕೊಡುವ ಹೊತ್ತಿಗೆ ಆ ನಿಮಿಷಗಳು ಮುಗಿದಿರುತ್ತವೆ. ನಿಂತ ಹೆಸರು ಕಬ್ಬಿಣಕ್ಕೆ ಹೋಗುತ್ತದೆ. ನೋಡಿದವರು ಮನೆಗೆ ಹೋಗಿ ಕಣ್ಣಾರೆ ಕಂಡೆ ಅನ್ನುತ್ತಾರೆ, ಅವರು ಸುಳ್ಳು ಹೇಳುತ್ತಿಲ್ಲ. ನಮ್ಮ ಕಡೆ ಬಾಣಂತಿಯ ತಲೆದಿಂಬಿನ ಕೆಳಗೆ ಕುಡುಗೋಲು ಇಡುತ್ತಾರೆ, ತೊಟ್ಟಿಲ ಪಕ್ಕ ಕಬ್ಬಿಣದ ಚೂರು ಇಡುತ್ತಾರೆ. ಕಬ್ಬಿಣ ಇದ್ದರೆ ಕೆಟ್ಟದ್ದು ಹತ್ತಿರ ಸುಳಿಯುವುದಿಲ್ಲ ಅನ್ನುವ ನಂಬಿಕೆ ಮೊದಲೇ ಇತ್ತು. ಅದಕ್ಕೆ ಕಣ್ಣಿನ ಸಾಕ್ಷಿಯೂ ಸೇರಿದರೆ ಕೇಳಬೇಕೇ?

ಅಜ್ಜಿ ಕೊಟ್ಟ ಅಡಕತ್ತರಿಯಿಂದ ಫಿಟ್ಸ್ ನಿಲ್ಲಲಿಲ್ಲ. ಅವನ ಹೆಬ್ಬೆರಳು ಸ್ವಲ್ಪ ಕುಯ್ದುಕೊಂಡಿತು, ಅದೂ ನಿಜ. ಆದರೆ ಪೂರ್ತಿ ವಿಡಿಯೊದಲ್ಲಿ ಇನ್ನೊಂದು ಕಾಣುತ್ತದೆ. ಅಡಕತ್ತರಿ ಹಿಡಿಸಿದ ಮೇಲೆ ಆಕೆ ತನ್ನ ಸೆರಗನ್ನು ಮಡಿಚಿ ಅವನ ತಲೆ ಕೆಳಗೆ ಇಡುತ್ತಾಳೆ. ಕಲ್ಲುನೆಲಕ್ಕೆ ತಲೆ ಬಡಿಯುವುದು ಅಲ್ಲಿಗೆ ನಿಂತಿತು. ಆಸ್ಪತ್ರೆಯವರು ಕಲಿಸುವ ಪ್ರಥಮ ಚಿಕಿತ್ಸೆಯೇ ಅದು. ಸುತ್ತ ನಿಂತಿದ್ದ ಮೂವತ್ತು ನಲವತ್ತು ಜನರಲ್ಲಿ ಅದನ್ನು ಮಾಡಿದವಳು ಆಕೆ ಒಬ್ಬಳೇ. ರೀಲ್‌ನಲ್ಲಿ ಆ ಭಾಗ ಕತ್ತರಿಸಿಹಾಕಿದ್ದಾರೆ.

ಅವನ ಕಾಯಿಲೆಯ ಕಥೆಯೂ ಸ್ವಲ್ಪ ಕೇಳಿ. ಅದು ನಮ್ಮ ಸೀಮೆಯದೇ ಕಥೆ.

ಆಗ ಅವನಿಗೆ ಒಂಬತ್ತು ವರ್ಷ. ನೀರು ತುಂಬುವ ಹಬ್ಬದ ಸಂಜೆ ಹಂಡೆ ತಿಕ್ಕಿ, ಸುಣ್ಣ ಕೆಮ್ಮಣ್ಣು ಬಳಿದು, ನೀರು ತುಂಬಿಟ್ಟಿದ್ದೆವು. ಮಾರನೇ ದಿನ ನರಕ ಚತುರ್ದಶಿ. ಬೆಳಗಿನ ಜಾವವೇ ಎಬ್ಬಿಸಿ ಎಣ್ಣೆ ಹಚ್ಚಿ, ಅಮ್ಮ ಅವನ ನೆತ್ತಿಗೆ ಹಬೆಯಾಡುವ ನೀರು ಚೊಂಬು ಚೊಂಬಾಗಿ ಹುಯ್ದಳು. ನಾಲ್ಕೋ ಐದೋ ಚೊಂಬು ಆಗಿರಬೇಕು. ಅವನ ಕಣ್ಣು ಒಂದೇ ಕಡೆ ನೆಟ್ಟವು. ಬಾಯಿ ಏನೋ ಒಂದೇ ಸಮ ಗೊಣಗಿತು. ಆಮೇಲೆ ಬಚ್ಚಲ ಕಲ್ಲಿನ ಮೇಲೆ ಬಿದ್ದ. ಅಮ್ಮ ಇವತ್ತಿಗೂ ಆ ಚೊಂಬು ಮುಟ್ಟುವುದಿಲ್ಲ.

ತಲೆಗೆ ಬಿಸಿನೀರು ಹುಯ್ದುಕೊಂಡಾಗ ಬರುವ ಈ ಫಿಟ್ಸ್ ದಕ್ಷಿಣ ಕರ್ನಾಟಕದಲ್ಲಿ ಜಾಸ್ತಿ. ಪ್ರಪಂಚದ ಬೇರೆ ಕಡೆ ಬಹಳ ಅಪರೂಪ. ನಮ್ಮ ಪಕ್ಕದ ಯಳಂದೂರು ಭಾಗದಲ್ಲಿ ನರರೋಗ ತಜ್ಞ ಡಾ. ಕೆ.ಎಸ್. ಮಣಿ ಮತ್ತು ಅವರ ತಂಡ ಮೂರ್ಛೆ ರೋಗದ ಬಗ್ಗೆ ದೊಡ್ಡ ಅಧ್ಯಯನ ಮಾಡಿದ್ದರು. ಯಳಂದೂರು 1997ರವರೆಗೂ ಮೈಸೂರು ಜಿಲ್ಲೆಯಲ್ಲೇ ಇತ್ತು. ಫಿನೋಬಾರ್ಬಿಟೋನ್, ಫೆನಿಟೋಯಿನ್ ಅನ್ನುವ ಕಡಿಮೆ ಬೆಲೆಯ ಹಳೇ ಮಾತ್ರೆಗಳಿಂದಲೇ ಹಳ್ಳಿಗಳಲ್ಲಿ ಈ ರೋಗ ಹತೋಟಿಗೆ ತರಬಹುದು ಅಂತ ಅವರು ತೋರಿಸಿಕೊಟ್ಟರು. 2001ರಲ್ಲಿ ಅದು ಲ್ಯಾನ್ಸೆಟ್ ಅನ್ನುವ ದೊಡ್ಡ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ನಮ್ಮ ಸೀಮೆಯ ಹಳ್ಳಿಗಳ ವಿಷಯ ಅಲ್ಲಿವರೆಗೂ ಹೋಗಿದೆ. ನಮ್ಮಲ್ಲೇ ಎಷ್ಟೋ ಜನಕ್ಕೆ ಇದು ಗೊತ್ತಿಲ್ಲ.

ಇದರಲ್ಲಿ ನನಗೆ ತುಂಬಾ ಮುಖ್ಯ ಅನ್ನಿಸುವ ಒಂದು ವಿಷಯ ಇದೆ. ತಮ್ಮ ಬಿದ್ದ ದಿನ ಪಕ್ಕದ ಮನೆಯ ಅಜ್ಜಿ ಬಂದು ಎರಡು ಮಾತು ಹೇಳಿದ್ದರು. ಒಂದು, ಇನ್ನು ಮೇಲೆ ಇವನ ನೆತ್ತಿಗೆ ಸುಡುನೀರು ಹುಯ್ಯಬೇಡ. ಎರಡು, ಮತ್ತೆ ಬಂದರೆ ಕೈಗೆ ಬೀಗದ ಕೈ ಕೊಡು. ಎರಡೂ ಒಂದೇ ಬಾಯಿಂದ ಬಂದ ಮಾತು, ಒಂದೇ ಉಸಿರಲ್ಲಿ. ಎರಡನೆಯದು ಕೆಲಸಕ್ಕೆ ಬಾರದ್ದು. ಆದರೆ ಮೊದಲನೆಯದನ್ನು ಡಾಕ್ಟರೂ ಹೇಳಿದರು. ನೀರು ಉಗುರು ಬೆಚ್ಚಗಿರಲಿ, ತಲೆಗೆ ಒಂದೇ ಸಮ ಹುಯ್ಯಬೇಡಿ, ಮೈ ತೊಳೆದು ಆಮೇಲೆ ತಲೆ ಒರೆಸಿದರೂ ಸಾಕು ಅಂತ. ಅಜ್ಜಿಯರ ಮಾತನ್ನೆಲ್ಲ ಒಂದೇ ಚೀಲಕ್ಕೆ ಹಾಕಿ ನಕ್ಕುಬಿಟ್ಟರೆ ಈ ಮೊದಲನೇ ಮಾತೂ ಹೋಗುತ್ತದೆ. ಯಾವುದು ಸರಿ, ಯಾವುದು ಸುಮ್ನೆ, ಯಾವುದು ಅಪಾಯ ಅಂತ ಆರಿಸುವುದು ನಗುವುದಕ್ಕಿಂತ ಕಷ್ಟದ ಕೆಲಸ. ಆದರೆ ನಿಮಗೆ ಆ ಬುದ್ಧಿ ಇದೆ. ಒಂದು ರೀಲಿಗೆ ನೀವು ಪಡುವ ಕಷ್ಟ ನಾನು ನೋಡಿದ್ದೇನೆ.

ಅಪಾಯದ್ದೂ ಇವೆ, ಇಲ್ಲ ಅಂದವರು ಯಾರು? ಫಿಟ್ಸ್ ಬಂದವರ ಬಾಯಿಗೆ ಚಮಚ ತುರುಕಿದರೆ ಹಲ್ಲು ಮುರಿಯುತ್ತದೆ. ನೀರು ಹುಯ್ದರೆ ಉಸಿರ ಕೊಳವೆಗೆ ಹೋಗುತ್ತದೆ. ನಮ್ಮ ಕಬ್ಬಿನ ಗದ್ದೆಗಳಲ್ಲಿ ಕೊಳಕುಮಂಡಲ ಕಚ್ಚಿದಾಗ ಹಗ್ಗ ಬಿಗಿದು ಕಟ್ಟಿ, ಬ್ಲೇಡಿನಲ್ಲಿ ಗೀರಿ, ನಾಟಿ ಔಷಧಿಗೆ ಅಂತ ಊರೂರು ಅಲೆದು ಕಾಲು ಕಳೆದುಕೊಂಡವರಿದ್ದಾರೆ, ಜೀವ ಕಳೆದುಕೊಂಡವರೂ ಇದ್ದಾರೆ. ಹಾವು ಕಡಿತವನ್ನು ಆಸ್ಪತ್ರೆಗಳು ಸರ್ಕಾರಕ್ಕೆ ವರದಿ ಮಾಡಲೇಬೇಕು ಅಂತ 2024ರಲ್ಲಿ ನಮ್ಮ ರಾಜ್ಯ ನಿಯಮ ತಂದಿತು, ಪರಿಸ್ಥಿತಿ ಅಷ್ಟು ಗಂಭೀರ. ಸರ್ಪಸುತ್ತಿಗೆ ಕೆಮ್ಮಣ್ಣು ಹಚ್ಚಿ ಹಾವಿನ ಚಿತ್ರ ಬರೆಸುವುದರಿಂದ ಜೀವ ಹೋಗುವುದಿಲ್ಲ. ಆದರೆ ಅದರ ಮಾತ್ರೆ ಗುಳ್ಳೆ ಕಂಡ ಮೂರು ದಿನದ ಒಳಗೆ ಶುರುವಾದರೆ ಒಳ್ಳೆಯದು, ಆ ಮೂರು ದಿನ ಕೆಮ್ಮಣ್ಣಿಗೆ ಹೋಗುತ್ತದೆ. ಸುಟ್ಟ ಗಾಯಕ್ಕೆ ಟೂತ್‌ಪೇಸ್ಟ್ ಬಳಿಯುವ ಬದಲು ಇಪ್ಪತ್ತು ನಿಮಿಷ ನಲ್ಲಿ ನೀರಿನ ಕೆಳಗೆ ಹಿಡಿಯಬೇಕು. ಟೂತ್‌ಪೇಸ್ಟ್ ಜೋಕು ಎಲ್ಲರಿಗೂ ಬರುತ್ತದೆ. ಇಪ್ಪತ್ತು ನಿಮಿಷ ಅನ್ನುವುದು ಎಷ್ಟು ಜನಕ್ಕೆ ಗೊತ್ತು, ನಿಮ್ಮ ಗೆಳೆಯರನ್ನೇ ಕೇಳಿ ನೋಡಿ.

ಮತ್ತೆ ಮಾರುಕಟ್ಟೆಯ ಅಜ್ಜಿ ವಿಷಯಕ್ಕೆ ಬರುತ್ತೇನೆ. ಆ ದಿನದ ಗಾಬರಿಯಲ್ಲಿ ಅಡಕತ್ತರಿ ನಮ್ಮ ಜೊತೆಗೇ ಬಂದುಬಿಟ್ಟಿತ್ತು. ಹಳೇ ಕಾಲದ್ದು, ಹಿಡಿ ಸವೆದು ನುಣುಪಾಗಿದೆ, ಅಡಿಕೆ ಕರೆ ಹತ್ತಿ ಕಪ್ಪಾಗಿದೆ. ಹಬ್ಬ ಕಳೆದು ಎರಡು ವಾರಕ್ಕೆ ಅದನ್ನು ವಾಪಸ್ ಕೊಡಲು ಮೈಸೂರಿಗೆ ಹೋದೆ. ಅದೇ ಜಾಗದಲ್ಲಿ ಒದ್ದೆ ಗೋಣಿತಾಟಿನ ಮೇಲೆ ಎಲೆ ಕಟ್ಟು ಜೋಡಿಸಿಕೊಂಡು ಕೂತಿದ್ದರು. ನನ್ನ ಗುರುತು ಸಿಕ್ಕಿತು. 'ಎಂಗವ್ನೆ ಮಗಾ ನಿನ್ ತಮ್ಮ?' ಅಂದರು. ಚೆನ್ನಾಗಿದ್ದಾನೆ ಅಂದೆ. ಅಡಕತ್ತರಿ ತಗೊಂಡರು, ಮಡಿಲಿಗೆ ಹಾಕಿಕೊಂಡರು, ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಆಮೇಲೆ ಹೇಳಿದರು. ಮೊಮ್ಮಗ ಫೋನಿನಲ್ಲಿ ವಿಡಿಯೊ ತೋರಿಸಿದನಂತೆ. ಮಾರುಕಟ್ಟೆಗೆ ಬರುವ ಹುಡುಗರು ಗುರುತು ಹಿಡಿದು ಫೋಟೊ ಕೇಳುತ್ತಾರಂತೆ, ಅಡಕತ್ತರಿ ಹಿಡಿದು ನಿಲ್ಲಿ ಅನ್ನುತ್ತಾರಂತೆ. 'ನಾನೇನ್ ತಪ್ ಮಾಡ್ದೆ ಮಗಾ? ನಮ್ಮವ್ವ ಅಂಗೇ ಮಾಡ್ತಿದ್ಲು' ಅಂದರು. ನನಗೆ ಗಂಟಲು ಕಟ್ಟಿತು. ಅವರು ಎಲೆಯ ತೊಟ್ಟು ಮುರಿಯುತ್ತಾ ಇನ್ನೊಂದು ಮಾತು ಸೇರಿಸಿದರು. 'ಇನ್ಮ್ಯಾಕೆ ಯಾರ್ ಬಿದ್ರೂ ನಾನ್ ಅತ್ರುಕ್ ಓಗಾಕಿಲ್ಲ ಕಣವ್ವ.'

ಈ ಮಾತಿಗಾಗಿ ನಾನು ಈ ಪತ್ರ ಬರೆಯುತ್ತಿದ್ದೇನೆ. ನಗುವಿನಿಂದ ಅಜ್ಜಿ ಕಬ್ಬಿಣ ಕೊಡುವುದನ್ನು ಬಿಟ್ಟರು, ಸರಿ. ಜೊತೆಗೆ ಸೆರಗು ಮಡಿಚಿ ಇಡುವುದನ್ನೂ ಬಿಟ್ಟರು. ನಾಳೆ ನನ್ನ ತಮ್ಮ ಮತ್ತೆ ಎಲ್ಲಾದರೂ ಬಿದ್ದರೆ, ಮಂಡ್ಯ ಬಸ್ ಸ್ಟ್ಯಾಂಡಿನಲ್ಲೋ, ಚಾಮುಂಡಿ ಬೆಟ್ಟದ ಮೆಟ್ಟಿಲ ಮೇಲೋ, ಅವನ ಸುತ್ತ ನಿಲ್ಲುವವರಿಗೆ ಬೀಗದ ಕೈ ಜೋಕು ಗೊತ್ತಿರುತ್ತದೆ. ಮುಂದೆ ಬರುವವರು ಯಾರು?

ಅವನಿಗೂ ಆ ರೀಲಿನಿಂದ ನೋವಾಯಿತು. ಅದನ್ನು ಎಳೆದು ಹೇಳುವುದಿಲ್ಲ. ಒಂದು ಕಡೆ ಮದುವೆ ಮಾತು ನಡೆದಿತ್ತು, ಕಾಯಿಲೆ ವಿಷಯ ನಾವೇ ಮೊದಲೇ ಹೇಳಿದ್ದೆವು, ಒಪ್ಪಿದ್ದರು. ವಿಡಿಯೊ ನೋಡಿದ ಮೇಲೆ ಅವರು ಫೋನ್ ಎತ್ತಲಿಲ್ಲ. ಮೂರ್ಛೆ ರೋಗ ಇದೆ ಅನ್ನುವ ಕಾರಣಕ್ಕೆ ಮದುವೆಯನ್ನೇ ರದ್ದು ಮಾಡಿಸಬಹುದಾಗಿದ್ದ ಮಾತನ್ನು ಹಿಂದೂ ವಿವಾಹ ಕಾಯ್ದೆಯಿಂದ 1999ರಲ್ಲೇ ತೆಗೆದುಹಾಕಿದ್ದಾರೆ. ಪ್ರಪಂಚದಲ್ಲಿ ಸುಮಾರು 5 ಕೋಟಿ ಜನಕ್ಕೆ ಈ ಕಾಯಿಲೆ ಇದೆ. ಸರಿಯಾಗಿ ಔಷಧಿ ಸಿಕ್ಕರೆ ಅವರಲ್ಲಿ ನೂರಕ್ಕೆ 70 ಜನ ಫಿಟ್ಸ್ ಇಲ್ಲದೆ ಬದುಕಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕಾನೂನು ಬದಲಾಯಿತು, ಮಾತ್ರೆ ಬಂತು. ಬಿದ್ದವನ ಮುಖ ತೋರಿಸಬಾರದು ಅನ್ನುವ ಅಷ್ಟು ಸಣ್ಣ ವಿಷಯ ಮಾತ್ರ ನಮಗೆ ಇನ್ನೂ ಹೊಳೆದಿಲ್ಲ. ದಯವಿಟ್ಟು ಅಂಥ ವಿಡಿಯೊ ನಿಮ್ಮ ಪೇಜಿನಲ್ಲಿದ್ದರೆ ತೆಗೆದುಬಿಡಿ. ಫೋನ್ ಹಿಡಿದುಕೊಂಡೇ ಇದ್ದರೆ ಒಂದು ಕೆಲಸ ಮಾಡಿ, ಟೈಮ್ ನೋಡಿ. ಎಷ್ಟು ನಿಮಿಷ ಆಯಿತು ಅನ್ನುವುದೇ ಡಾಕ್ಟರು ಕೇಳುವ ಮೊದಲ ಪ್ರಶ್ನೆ.

ಈಗ ನನ್ನ ಬೇಡಿಕೆ. ನಿಮ್ಮ ತಮಾಷೆ ನಿಲ್ಲಿಸಿ ಅಂತ ನಾನು ಕೇಳುತ್ತಿಲ್ಲ. ತಮಾಷೆಯಿಂದಲೇ ಜನ ನಿಮ್ಮ ಮಾತು ಕೇಳುತ್ತಾರೆ. ಗೋಡೆಗೆ ಅಂಟಿಸಿದ ಪೋಸ್ಟರು ಓದದವರೂ ನಿಮ್ಮ ಮೂವತ್ತು ಸೆಕೆಂಡು ಪೂರ್ತಿ ನೋಡುತ್ತಾರೆ. ನಿಮ್ಮ ಹತ್ತಿರ ನಮ್ಮ ಭಾಷೆ ಇದೆ, 'ಏನ್ಲಾ' ಅಂದರೆ ಮಳವಳ್ಳಿಯಿಂದ ಹುಣಸೂರಿನವರೆಗೂ ತಿರುಗಿ ನೋಡುತ್ತಾರೆ. ಆ ಮೂವತ್ತರಲ್ಲಿ ಹತ್ತು ಸೆಕೆಂಡು ಕೊಡಿ. ಬೀಗದ ಕೈ ಯಾಕೆ ನೆನಪಲ್ಲಿ ಉಳಿಯಿತು ಗೊತ್ತಾ? ಅದು ಚಿಕ್ಕದು. ಕೈಗೆ ಕಬ್ಬಿಣ ಕೊಡು, ಮುಗೀತು. ಅದರ ಜಾಗಕ್ಕೆ ಬರುವ ಮಾತೂ ಅಷ್ಟೇ ಚಿಕ್ಕದಾಗಿರಬೇಕು. ನಾನು ಅಜ್ಜಿಗೆ ಹೇಳಿಕೊಟ್ಟಿದ್ದು ಹೀಗೆ: ತಲೆ ಕೆಳಗೆ ಮೆತ್ತಗೆ ಏನಾದರೂ ಇಡು. ಒಂದು ಮಗ್ಗುಲಿಗೆ ತಿರುಗಿಸು, ಜೊಲ್ಲು ಹೊರಗೆ ಹೋಗಲಿ. ಬಾಯಿಗೆ ಏನೂ ಹಾಕಬೇಡ, ನೀರೂ ಬೇಡ. ಒತ್ತಿ ಹಿಡಿಯಬೇಡ. ಐದು ನಿಮಿಷ ದಾಟಿದರೆ, ಇಲ್ಲಾ ನಿಂತು ಎಚ್ಚರ ಆಗದೆ ಮತ್ತೆ ಬಂದರೆ, 108ಕ್ಕೆ ಫೋನ್ ಮಾಡಿಸು. ಎಚ್ಚರ ಆಗುವವರೆಗೂ ಪಕ್ಕದಲ್ಲೇ ಕೂತಿರು.

ಅಜ್ಜಿ ಗಮನ ಇಟ್ಟು ಕೇಳಿದರು. 'ಅಷ್ಟೇಯಾ?' ಅಂದರು. ಎಲೆ ಕಟ್ಟು ಪಕ್ಕಕ್ಕಿಟ್ಟು, 'ಮಗ್ಗುಲು ಅಂದ್ರೆ ಎಡಕೋ ಬಲಕೋ?' ಅಂತ ಕೇಳಿದರು. ಯಾವುದಾದರೂ ಆಗುತ್ತದೆ, ತಿರುಗಿಸಿದರೆ ಸಾಕು ಅಂದೆ. ಪಕ್ಕದಲ್ಲಿ ನಿಂಬೆಹಣ್ಣು ಮಾರುವವಳನ್ನೂ ಕರೆದು ಇನ್ನೊಂದು ಸಲ ಹೇಳಿಸಿದರು.

ಜಿಲ್ಲಾ ಆರೋಗ್ಯ ಇಲಾಖೆಯವರು ಯಾರಾದರೂ ಇದನ್ನು ಓದುತ್ತಿದ್ದರೆ ಅವರಿಗೂ ಒಂದು ಮಾತು. ನವೆಂಬರ್ 17 ರಾಷ್ಟ್ರೀಯ ಅಪಸ್ಮಾರ ದಿನ. ಆ ದಿನ ಸಭಾಂಗಣದಲ್ಲಿ ಭಾಷಣ ಬೇಡ. ಇಂಥ ನಾಲ್ಕು ಹುಡುಗ ಹುಡುಗಿಯರನ್ನು ಕರೆದು ಕೂರಿಸಿಕೊಂಡು, ಒಬ್ಬ ಡಾಕ್ಟರನ್ನು ಜೊತೆಗೆ ಕೊಡಿ. ಅಪಸ್ಮಾರ ಅನ್ನುವ ಪದವೇ ನಮ್ಮ ಮಾರುಕಟ್ಟೆಯಲ್ಲಿ ಯಾರಿಗೂ ಗೊತ್ತಿಲ್ಲ. ಫಿಟ್ಸ್ ಅನ್ನಿ, ಮೂರ್ಛೆ ಅನ್ನಿ.

ರೀಲ್ಸ್ ಮಾಡುವ ನಿಮ್ಮಲ್ಲಿ ಯಾರಾದರೂ ಒಪ್ಪಿದರೆ, ನೆಲದ ಮೇಲೆ ಮಲಗಿ ತೋರಿಸಲು ಯಾರನ್ನೂ ಹುಡುಕಬೇಕಾಗಿಲ್ಲ. ತಮ್ಮನನ್ನು ಕೇಳಿದ್ದೇನೆ. ಮೊದಲು ಬೇಡ ಅಂದ. ಅಜ್ಜಿ ಹೇಳಿದ ಮಾತು ಹೇಳಿದ ಮೇಲೆ ಒಂದು ದಿನ ಸುಮ್ಮನಿದ್ದು, ಆಯ್ತು ಅಂದ. ಮಾರುಕಟ್ಟೆಯಲ್ಲೇ, ಅದೇ ಎಲೆ ಸಾಲಿನ ಮುಂದೆ ಮಾಡಬೇಕಂತೆ, ಮಗ್ಗುಲಿಗೆ ತಿರುಗಿಸುವುದು ಅಜ್ಜಿಯೇ ಆಗಿರಬೇಕಂತೆ. ಮುಖ ತೋರಿಸಿದರೂ ಪರವಾಗಿಲ್ಲ, ಈ ಸಲ ತಾನೇ ಒಪ್ಪಿದ್ದು ಅಂತ ಹೇಳಿದ್ದಾನೆ. ಅವನು ಕೆಲಸ ಮಾಡುವ ಜೆರಾಕ್ಸ್ ಅಂಗಡಿಗೆ ಭಾನುವಾರ ರಜೆ. ಬೆಳಿಗ್ಗೆ ರೈಲಿಗೆ ಬಂದುಬಿಡುತ್ತೇವೆ.

ಇಂತಿ,
ಮಂಡ್ಯದ ಒಬ್ಬ ಅಕ್ಕ